ಬೇಕಾದಾಗ ಬಾರದ ಕೆಮ್ಮು

ಕೆಲವು ಸಂಗತಿಗಳು ಬೇಡ ಅಂದಾಗ ಬಂದು ಕೂರುತ್ತವೆ, ಬೇಕು ಅಂದಾಗ ಮುಖ ತೋರಿಸುವುದಿಲ್ಲ. ನೆಂಟರು ಹಾಗೆ, ಆಕಳಿಕೆ ಹಾಗೆ, ನಿದ್ದೆಯಂತೂ ಹಾಗೆಯೇ. ನನ್ನ ಕೆಮ್ಮೂ ಅದೇ ಜಾತಿಯದು ಎಂದು ತಿಳಿಯಲು ನನಗೆ ಅರವತ್ತು ದಾಟಬೇಕಾಯಿತು, ವಿಮಾನ ಹತ್ತಿ ಸೌದಿಗೆ ಬರಬೇಕಾಯಿತು. ನಲವತ್ತು ವರ್ಷ ನಾನು ಈ ಕೆಮ್ಮಿನ ಜೊತೆ ಸಂಸಾರ ಮಾಡಿದ್ದೇನೆ, ಗಂಡನ ಜೊತೆ ಮಾಡಿದ್ದಕ್ಕಿಂತ ಹೆಚ್ಚು. ಹರಿಕಥೆಯ ನಡುವೆ ಕೆಮ್ಮಿ ದಾಸರಿಂದ ಬೈಸಿಕೊಂಡಿದ್ದೇನೆ. ಮಗನಿಗೆ ಹೆಣ್ಣು ನೋಡಲು ಹೋದ ಮನೆಯಲ್ಲಿ ಕೆಮ್ಮಿ ಉಪ್ಪಿಟ್ಟಿನ ತಟ್ಟೆಯನ್ನೇ ಬೀಳಿಸಿದ್ದೇನೆ. ಅಂಥ ನಂಬಿಕಸ್ತ ಕೆಮ್ಮು, ಒಂದೇ ಒಂದು ಸಲ ದೊಡ್ಡವರು ಡಬ್ಬಿ ಕೊಟ್ಟು ‘ಇದರೊಳಗೆ ಕೆಮ್ಮಿ ಕೊಡಮ್ಮ’ ಎಂದು ಕೇಳಿದಾಗ ನನಗೆ ಕೈಕೊಟ್ಟಿತು.

ಮೊದಲಿನಿಂದ ಹೇಳುತ್ತೇನೆ. ನನ್ನ ಮಗ ಮಾದೇಶ ಸೌದಿಯ ಅಭಾ ಎಂಬ ಊರಿನ ಒಂದು ಆಸ್ಪತ್ರೆಯಲ್ಲಿ ಎಲೆಕ್ಟ್ರಿಷಿಯನ್. ಕರೆಂಟು ಹೋದರೆ ಜನರೇಟರ್ ಹಾಕುವುದು ಅವನ ಕೆಲಸ. ಅಲ್ಲಿ ಕರೆಂಟು ಹೋಗುವುದೇ ಇಲ್ಲವಾದ್ದರಿಂದ ಜನರೇಟರನ್ನು ಒರೆಸುವುದು ಅವನ ಕೆಲಸ ಎಂದು ನನ್ನ ಲೆಕ್ಕ. ಸೊಸೆ ಸುಮಿತ್ರ ಬಸುರಿಯಾದಳು. ಅವಳಿಗೆ ತಾಯಿಯಿಲ್ಲ. ಹಾಗಾಗಿ ಬಾಣಂತನ ಅತ್ತೆಯ ಪಾಲಿಗೆ ಬಂತು, ಮಗ ವೀಸಾ ಕಳಿಸಿದ. ಕೊಲ್ಲಿ ಯುದ್ಧ ಮುಗಿದು ಮೂರು ನಾಲ್ಕು ವರ್ಷ ಕಳೆದಿದ್ದರೂ ಊರಲ್ಲಿ ನಮ್ಮ ಪವರ್ ಹೌಸ್ ಕ್ವಾಟ್ರಸ್ಸಿನ ಹೆಂಗಸರಿಗೆ ಅದು ಮುಗಿದಿರಲಿಲ್ಲ. ‘ಬಾಂಬು ಬೀಳ್ತದಂತೆ ಕಣಕ್ಕ, ಮರಳು ಬಿಟ್ರೆ ಕಣ್ಣಿಗೆ ಇನ್ನೇನೂ ಕಾಣಾಕಿಲ್ವಂತೆ’ ಎಂದು ಕಳಿಸಿಕೊಟ್ಟರು. ಬಂದು ನೋಡಿದರೆ ಬೆಟ್ಟ, ಮಂಜು, ಬೆಳಿಗ್ಗೆ ಹೊದ್ದುಕೊಳ್ಳಲು ಕಂಬಳಿ. ರಸ್ತೆ ಬದಿಯಲ್ಲಿ ನಾಯಿಯಷ್ಟೆತ್ತರದ ಕೋತಿಗಳು ಸಾಲಾಗಿ ಕೂತು ಕಾರಿನವರು ಎಸೆಯುವ ರೊಟ್ಟಿಗೆ ಕಾಯುತ್ತಿದ್ದವು. ಬಾಂಬಿಗಿಂತ ಇವುಗಳಿಂದ ಬಟ್ಟೆ ಕಾಯುವುದೇ ಕಷ್ಟವಾಯಿತು.

ಮಗನ ಅಡುಗೆಮನೆಯಲ್ಲಿ ಗ್ಯಾಸಿನ ಒಲೆ. ಮೇಲೆ ಗೋಡೆಯಲ್ಲಿ ಒಂದು ಫ್ಯಾನು, ಒಗ್ಗರಣೆಯ ಘಾಟನ್ನೂ ಎಳೆದು ಹೊರಗೆ ಹಾಕುತ್ತದೆ. ಮೊದಲ ವಾರ ನನಗೆ ಅಲ್ಲಿ ಮುದ್ದೆ ಬೇಯಿಸಿದ ಹಾಗೇ ಅನಿಸಲಿಲ್ಲ. ಕಣ್ಣಲ್ಲಿ ನೀರಿಲ್ಲ, ಸೆರಗಿಗೆ ವಾಸನೆಯಿಲ್ಲ, ಮುಗಿಸಿ ಬಂದರೆ ಯಾರೂ ‘ಪಾಪ’ ಅನ್ನುವುದಿಲ್ಲ. ಎರಡು ತಿಂಗಳು ಹೀಗೇ ಕಳೆಯಿತು. ಒಂದು ದಿನ ಸುಮಿತ್ರ, ‘ಅತ್ತೆ, ಗಮನಿಸಿದ್ರಾ? ನೀವೀಗ ಕೆಮ್ಮೋದೇ ಇಲ್ಲ’ ಎಂದಳು. ಹೌದಲ್ಲ ಎನಿಸಿತು. ಹೋಗುವಾಗ ಅದು ಹೇಳಿಯೂ ಹೋಗಿರಲಿಲ್ಲ. ಸುಳ್ಳೇಕೆ, ನನಗೆ ಸ್ವಲ್ಪ ಕಸಿವಿಸಿಯೇ ಆಯಿತು. ಕೆಮ್ಮು ಇದ್ದರೆ ಮುದುಕಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಬರುತ್ತಿದ್ದಾಳೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ, ಮಾತು ಬದಲಿಸುತ್ತಾರೆ. ಈಗ ನಾನು ಸದ್ದಿಲ್ಲದೆ ಹೋಗಿ ನಿಂತು ಬೇಡದ ಮಾತೆಲ್ಲ ಕೇಳಿಸಿಕೊಳ್ಳುವಂತಾಯಿತು.

ಅಷ್ಟರಲ್ಲಿ ಇಕಾಮಾದ ಕೆಲಸ ಬಂತು. ಇಕಾಮಾ ಎಂದರೆ ಆ ದೇಶದಲ್ಲಿ ಇರಲು ಕೊಡುವ ಚೀಟಿ. ಅದು ಸಿಗಬೇಕಾದರೆ ರಕ್ತ ಕೊಡಬೇಕು, ಎದೆಯ ಎಕ್ಸ್‌ರೇ ತೆಗೆಸಬೇಕು. ಹೆಂಗಸರ ಕಡೆಗೆ ಮಗ ಬರುವ ಹಾಗಿಲ್ಲ, ಸೊಸೆಯ ಹೊಟ್ಟೆ ಎಕ್ಸ್‌ರೇ ಕೋಣೆಯ ಹತ್ತಿರ ಹೋಗುವ ಹಾಗಿಲ್ಲ. ಎದುರು ಮನೆಯ ಖತೀಜಾ ಬಂದಳು. ಭಟ್ಕಳದವಳು, ಐವತ್ತರ ಆಸುಪಾಸು. ಗಂಡ ಕೆಳಗೇ ದಿನಸಿ ಅಂಗಡಿ ಇಟ್ಟಿದ್ದಾನೆ. ಇಪ್ಪತ್ತು ವರ್ಷದಿಂದ ಅಲ್ಲಿದ್ದವಳು, ಅರಬ್ಬಿ ಮಾತನ್ನು ನೀರು ಕುಡಿದ ಹಾಗೆ ಆಡುತ್ತಾಳೆ. ಡಾಕ್ಟರು ಈಜಿಪ್ಟಿನ ಹೆಂಗಸು. ನನ್ನ ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು, ನನ್ನನ್ನು ನೋಡಿ, ಮತ್ತೆ ಫೋಟೋ ನೋಡಿ ಏನೋ ಕೇಳಿದಳು. ಖತೀಜಾ ಬುರ್ಖಾದ ಅಂಚು ಸರಿಮಾಡತೊಡಗಿದಳು.

‘ಏನಂತೆ?’ ಎಂದೆ.

‘ಅಮ್ಮ, ನೀವು ಬೇಜಾರ್ ಮಾಡ್ಬಾರ್ದು. ಡಾಕ್ಟ್ರು ಸಿಗರೇಟಿನ ವಿಷಯ ಕೇಳ್ತಿದ್ದಾರೆ.’

‘ನಾನು ಸಿಗರೇಟು ಸೇದ್ತೀನಾ ಅಂತಲಾ?’

‘ಅಲ್ಲ ಮಾರಾಯ್ರೆ. ಸೇದ್ತೀರಿ ಅಂತ ಅವ್ರಿಗೆ ಗೊತ್ತಾಗಿದೆಯಂತೆ. ದಿನಕ್ಕೆ ಎಷ್ಟು ಅಂತ ಕೇಳ್ತಿದ್ದಾರೆ.’

ಆಮೇಲೆ ನಾನು ಆಡಿದ್ದನ್ನು ಇಲ್ಲಿ ಬರೆಯುವುದಿಲ್ಲ. ಖತೀಜಾ ಅದನ್ನು ಅರಬ್ಬಿಗೆ ತಿರುಗಿಸದೆ ದೊಡ್ಡ ಉಪಕಾರ ಮಾಡಿದಳು. ಡಾಕ್ಟರು ಗಾಬರಿಯಾಗಲಿಲ್ಲ. ಶ್ವಾಸಕೋಶದಲ್ಲಿ ಕಲೆಯಿದೆ, ಕ್ಷಯವೂ ಇರಬಹುದು, ಮೂರು ಬೆಳಿಗ್ಗೆ ಮೂರು ಡಬ್ಬಿ ಕಫ ತಂದುಕೊಡಿ, ಕ್ಷಯವಿದ್ದರೆ ಇಕಾಮಾ ಇಲ್ಲ, ವಾಪಸು ಹೋಗಬೇಕು ಎಂದಳು. ಮುಚ್ಚಳವಿರುವ ಪುಟ್ಟ ಪುಟ್ಟ ಡಬ್ಬಿಗಳು. ನಮ್ಮೂರಲ್ಲಿ ಕುಂಕುಮ ಇಡುವಂಥವು.

ಮನೆಯಲ್ಲಿ ಮಾದೇಶ ಎದುರು ಕೂತು, ಪೊಲೀಸಿನವನ ಹಾಗೆ ದನಿ ತಗ್ಗಿಸಿ, ‘ಅವ್ವ, ನಿಜ ಹೇಳ್ಬುಡು. ಅಪ್ಪನ ಬೀಡಿ ಕಟ್ಟು ಯಾವತ್ತೂ ಲೆಕ್ಕಕ್ಕೆ ಸಿಗ್ತಿರ್ಲಿಲ್ಲ’ ಎಂದ.

‘ನಿಮ್ಮಪ್ಪ ಲೆಕ್ಕ ಹಾಕ್ತಿದ್ದುದೇ ನಿನ್ನ ಮೇಲಿನ ಅನುಮಾನಕ್ಕೆ ಕಣ್ಲಾ’ ಎಂದೆ. ಸುಮಿತ್ರ ಗಂಡನ ಕಡೆ ತಿರುಗಿದಳು. ಅಲ್ಲಿಗೆ ವಿಚಾರಣೆ ಮುಗಿಯಿತು.

ಆದರೆ ನಗುವ ಹೊತ್ತಾಗಿರಲಿಲ್ಲ. ಸುಮಿತ್ರಳಿಗೆ ಇನ್ನು ಒಂದೂವರೆ ತಿಂಗಳು ಉಳಿದಿತ್ತು. ಮಗನಿಗೆ ಮಗುವನ್ನು ಎತ್ತಿಕೊಳ್ಳುವುದು ಬಾರದು, ಬಲ್ಬನ್ನು ಎತ್ತಿಕೊಂಡ ಹಾಗೆ ಎರಡು ಬೆರಳಲ್ಲಿ ಹಿಡಿದಾನು. ಸಂಜೆ ಈರುಳ್ಳಿ ಹೆಚ್ಚುತ್ತಿದ್ದಾಗ ಅವಳು, ‘ನೀವು ಹೋಗ್ಬಿಟ್ರೆ ನಂಗೆ ಇಲ್ಲಿ ಯಾರಿದ್ದಾರೆ ಅತ್ತೆ?’ ಎಂದಳು. ‘ಈರುಳ್ಳಿ ಸಣ್ಣಗೆ ಹೆಚ್ಚು’ ಎಂದೆ. ನನಗೆ ಸಮಾಧಾನ ಹೇಳುವುದು ಬರುವುದಿಲ್ಲ. ಆದರೆ ಆ ಮೂರು ಡಬ್ಬಿ ತುಂಬಿಸಿಯೇ ಸಿದ್ಧ, ನಾನು ಆ ದೇಶ ಬಿಡುವವಳಲ್ಲ ಎಂದು ಈರುಳ್ಳಿಯ ಮುಂದೆಯೇ ತೀರ್ಮಾನ ಮಾಡಿದೆ.

ಈಗ ನನ್ನ ಕಲೆಗಳ ಕಥೆ. ಬೀಡಿಯಲ್ಲ, ಕರೆಂಟು. ನಮ್ಮ ಯಜಮಾನರು ಹೊಳೆಯ ಪಕ್ಕದ ಹಳೇ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದರು. ಕಾಲುವೆಯ ನೀರು ದೊಡ್ಡ ಕೊಳವೆಗಳಿಗೆ ಇಳಿಯುವ ಬಾಯಲ್ಲಿ ಕಬ್ಬಿಣದ ಸರಳುಗಳಿರುತ್ತವೆ. ಹೊಳೆಯಲ್ಲಿ ತೇಲಿ ಬಂದದ್ದೆಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಉದ್ದ ಹಿಡಿಯ ಹಲುಬೆಯಿಂದ ಅದನ್ನು ಬಾಚಿ ಮೇಲೆ ಹಾಕುವುದು ಅವರ ಕೆಲಸ. ಬಾಚದಿದ್ದರೆ ನೀರು ಇಳಿಯುವುದಿಲ್ಲ, ಚಕ್ರ ತಿರುಗುವುದಿಲ್ಲ, ಊರೂರಿಗೆ ಕತ್ತಲು. ಹೀಗೆ ಬಾಚಿದ ಕೊಂಬೆ, ಬೇರು, ಬಿದಿರು ಕೆಲಸದವರ ಪಾಲು. ಸೌದೆ ಬಿಟ್ಟಿ ಎಂದು ಯಜಮಾನರಿಗೆ ಭಾರೀ ಹೆಮ್ಮೆ. ಒಂದು ಮಳೆಗಾಲದಲ್ಲಿ ಚೌಕಟ್ಟಿನ ಸಮೇತ ಒಂದು ಬಾಗಿಲೇ ಬಂದಿತ್ತು. ಯಾರ ಮನೆಯದೋ, ಒಂದು ವಾರ ನಮ್ಮ ಮುದ್ದೆ ಬೇಯಿಸಿತು. ಆದರೆ ಹೊಳೆಯಲ್ಲಿ ನೆನೆದ ಸೌದೆ ಎಷ್ಟು ಒಣಗಿಸಿದರೂ ಒಳಗೆ ನೀರು ಇಟ್ಟುಕೊಂಡಿರುತ್ತದೆ. ಉರಿಯುವುದು ಕಾಲು ಪಾಲು, ಉಳಿದದ್ದು ಹೊಗೆ. ಕ್ವಾಟ್ರಸ್ಸಿನ ಅಡುಗೆಮನೆಗೆ ಕಿಟಕಿ ಒಂದೇ, ಅದೂ ಮುಖ ಹಿಡಿಸದಷ್ಟು. ಕಣ್ಣು ಮುಚ್ಚಿ ಊದುಗೊಳವೆ ಊದುತ್ತಾ ನಾನು ಮೂರು ಮಕ್ಕಳನ್ನು ಬೆಳೆಸಿದೆ.

ಕರೆಂಟಿತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಪ್ರತಿ ಮನೆಗೆ ಎರಡು ಬಲ್ಬು. ಕರೆಂಟಿನ ಒಲೆ ಇಡುವ ಹಾಗಿರಲಿಲ್ಲ, ಇಟ್ಟವರ ಮನೆಗೆ ಬಂದು ತಂತಿ ಕೀಳುತ್ತಿದ್ದರು. ದೂರದ ಪಟ್ಟಣಗಳಲ್ಲಿ ಗಿರಣಿ ತಿರುಗಿಸುವ ಕರೆಂಟು ನಮ್ಮ ಸೂರಿನ ಮೇಲೇ ಗುಂಯ್ಯೆಂದು ಹೋಗುತ್ತಿತ್ತು. ಸೂರಿನ ಕೆಳಗೆ ನಾನು ಕೆಮ್ಮುತ್ತಿದ್ದೆ. ಒಂದು ಸಲ ದೊಡ್ಡ ಇಂಜಿನಿಯರು ಭಾಷಣ ಮಾಡಿ, ನೀರಿನಿಂದ ಮಾಡುವ ಕರೆಂಟಿಗೆ ಹೊಗೆಯೇ ಇಲ್ಲ ಎಂದರು. ಹಿಂದಿನ ಸಾಲಿನಲ್ಲಿ ನಾನು ಕೆಮ್ಮಿದೆ. ಬೇಕೆಂದೇ ಕೆಮ್ಮಿದೆ ಎಂದು ಯಜಮಾನರು ಎರಡು ದಿನ ಮಾತು ಬಿಟ್ಟರು. ಬೇಕೆಂದು ಕೆಮ್ಮಿರಲಿಲ್ಲ. ಬೇಕೆಂದಾಗ ಕೆಮ್ಮು ಬರುವುದಿಲ್ಲ ಎನ್ನುವುದು ಆಮೇಲೆ ರುಜುವಾತಾಯಿತಲ್ಲ.

ಮೊದಲ ಬೆಳಿಗ್ಗೆ ಡಬ್ಬಿ ಹಿಡಿದು ಬಚ್ಚಲಲ್ಲಿ ನಿಂತೆ. ‘ಕ್ಹೂಂ’ ಎಂದೆ. ಏನೂ ಇಲ್ಲ. ಬಾಗಿಲ ಹೊರಗಿಂದ ಮಾದೇಶ, ‘ಆಳದಿಂದ ತೆಗಿಯವ್ವ, ಆಳದಿಂದ’ ಎಂದ. ಬಾವಿ ತೋಡುತ್ತಿದ್ದೇನೆಯೇ? ಬಂದಷ್ಟನ್ನು ಕಳಿಸಿದೆ, ‘ಇದು ಬರೀ ಎಂಜಲು’ ಎಂದು ಹಿಂದಕ್ಕೆ ಬಂತು. ಎರಡನೆಯ ದಿನ ಮೆಟ್ಟಿಲು ಹತ್ತಿಸಿ ಇಳಿಸಿದರು, ಐಸ್‌ಕ್ರೀಮು ತಿನ್ನಿಸಿದರು, ತಣ್ಣನೆ ಮೊಸರು ಕುಡಿಸಿದರು. ಮೊಣಕಾಲು ನೋವು ಬಂತು, ಕಫ ಬರಲಿಲ್ಲ. ಮೂರನೆಯ ದಿನವೂ ಎಂಜಲೇ. ಮುಂದಿನ ಶನಿವಾರದೊಳಗೆ ಸರಿಯಾದದ್ದು ತರದಿದ್ದರೆ ಚೀಟಿಯಲ್ಲಿ ಅನ್‌ಫಿಟ್ ಎಂದು ಬರೆಯುತ್ತೇವೆ ಎಂದರಂತೆ. ಕಾಯಿಲೆಯಿಲ್ಲದ್ದನ್ನು ತೋರಿಸಲು ಕಾಯಿಲೆಯವಳ ಹಾಗೆ ಕೆಮ್ಮಬೇಕು, ಕೆಮ್ಮಲು ಆಗದಷ್ಟು ಆರೋಗ್ಯವಾಗಿದ್ದರೆ ದೇಶ ಬಿಡಬೇಕು. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ಆ ವಾರ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ಸುಮಿತ್ರ ನನ್ನ ಸೀರೆಗಳನ್ನು ಒಗೆದು, ಮಡಿಚಿ, ಪೆಟ್ಟಿಗೆಗೆ ಇಡಲೋ ಕಪಾಟಿಗೆ ಇಡಲೋ ತಿಳಿಯದೆ ಕುರ್ಚಿಯ ಮೇಲೇ ಬಿಟ್ಟಿದ್ದಳು.

ಅದನ್ನು ನೋಡಿ ನನಗೆ ಬುದ್ಧಿ ಬಂತು, ಅಥವಾ ಇದ್ದದ್ದು ಹೋಯಿತು. ನೇರವಾಗಿ ಎದುರು ಮನೆಗೆ ಹೋಗಿ, ‘ಖತೀಜಾ, ನಂಗೆ ಹೊಗೆ ಬೇಕು’ ಎಂದೆ.

‘ಎಂತ?’

‘ಹೊಗೆ ಕಣವ್ವ, ಹೊಗೆ. ಅದಿಲ್ದೆ ನನ್ನೆದೆ ಬಾಯಿ ಬಿಡಾಕಿಲ್ಲ.’

‘ಅಲ್ಲ ಅಮ್ಮ, ಆ ಹೊಗೆಯಿಂದಲೇ ನಿಮ್ಮ ಎದೆ ಹಾಳಾದದ್ದಲ್ವಾ?’

‘ಹಾಳು ಮಾಡಿದ್ದೇ ಬಂದು ಸರಿ ಮಾಡ್ಲಿ. ನಮ್ಮನೇಲಿ ಬಸುರಿ ಇದ್ದಾಳೆ, ಅಲ್ಲಿ ಆಗಾಕಿಲ್ಲ.’

ಖತೀಜಾ ತಲೆಯ ಮೇಲೆ ಕೈಯಿಟ್ಟುಕೊಂಡು ಒಳಗೆ ಕರೆದಳು. ಅವಳ ಮನೆಯಲ್ಲಿ ಬಖೂರು ಸುಡುವ ಧೂಪದಾನಿಯಿತ್ತು. ಅರಬರು ಮನೆಗೆ ಬಂದವರಿಗೆ ಹಿಡಿಯುವ ಸುವಾಸನೆಯ ಹೊಗೆ ಅದು. ಮೊದಲು ಅದನ್ನೇ ಹಾಕಿದಳು. ಹತ್ತು ನಿಮಿಷ ಮುಖ ಒಡ್ಡಿ ಕೂತೆ. ಕೆಮ್ಮು ಬರಲಿಲ್ಲ, ಮದುವೆ ಹೆಣ್ಣಿನ ಹಾಗೆ ಘಮಘಮ ಎಂದೆ, ಅಷ್ಟೆ. ‘ಇದು ಶ್ರೀಮಂತರ ಹೊಗೆ ಕಣವ್ವ. ನಂದು ಬಡವರ ಕೆಮ್ಮು, ಇದಕ್ಕೆ ಬಗ್ಗಾಕಿಲ್ಲ’ ಎಂದೆ. ಅಂಗಡಿಯಿಂದ ಕಿತ್ತಲೆ ಹಣ್ಣಿನ ಮರದ ಪೆಟ್ಟಿಗೆಯೊಂದನ್ನು ತರಿಸಿ, ಹಲಗೆ ಮುರಿದು, ನೀರಲ್ಲಿ ನೆನೆಹಾಕಿದೆವು. ಮರುದಿನ ಬೆಳಿಗ್ಗೆ ಅವಳ ಅಡುಗೆಮನೆಯ ಕಿಟಕಿ ಮುಚ್ಚಿ, ಇದ್ದಿಲ ಮೇಲೆ ಒದ್ದೆ ಹಲಗೆ ಇಟ್ಟೆ. ಊದುಗೊಳವೆ ಇರಲಿಲ್ಲ, ಕಸ ಎಳೆಯುವ ಮೆಷಿನ್ನಿನ ಉದ್ದ ಕೊಳವೆಯನ್ನು ಕಿತ್ತುಕೊಟ್ಟಳು. ಕುಕ್ಕರಗಾಲಲ್ಲಿ ಕೂತು ಒಂದು ಸಲ ಊದಿದೆ ನೋಡಿ! ಪವರ್ ಹೌಸು, ಕ್ವಾಟ್ರಸ್ಸು, ಯಜಮಾನರು, ಎಲ್ಲ ಒಟ್ಟಿಗೇ ಬಂದು ಗಂಟಲಲ್ಲಿ ಕೂತರು. ಆ ಕೆಮ್ಮಿಗೆ ಅವಳ ಕಪಾಟಿನ ಲೋಟಗಳು ಕಿಣಿಕಿಣಿ ಅಂದವು.

ಬಾಗಿಲಾಚೆಯಿಂದ ಖತೀಜಾ ಕೂಗಿದಳು, ‘ಅಮ್ಮ, ಬಂತಾ?’

‘ಬಂತು!’

‘ಹಾಗಾದ್ರೆ ಹೊರಗೆ ಬನ್ನಿ ಮಾರಾಯ್ರೆ! ನನ್ನ ಗಂಡ ಈ ಗೋಡೆ ನೋಡಿದ್ರೆ ನಿಮಗಲ್ಲ, ಮೊದ್ಲು ನಂಗೆ ಎಕ್ಸಿಟ್ ಮುದ್ರೆ ಹೊಡೆದು ಊರಿಗೆ ಕಳಿಸ್ತಾರೆ!’

ಹೀಗೆ ಮೂರು ಬೆಳಿಗ್ಗೆ ಮೂರು ಡಬ್ಬಿ. ಈ ಸಲ ಯಾವುದೂ ಹಿಂದಕ್ಕೆ ಬರಲಿಲ್ಲ. ಅವನ್ನು ಒಯ್ದ ಮಾದೇಶನಿಗೆ ಗುಟ್ಟು ಹೇಳಿರಲಿಲ್ಲ. ‘ನೋಡ್ದಾ ಅವ್ವ, ಆ ಐಸ್‌ಕ್ರೀಮು ಈಗ ಕೆಲಸ ಮಾಡ್ತು’ ಎಂದು ಅವನು ಬೀಗಿದ. ಬೀಗಲಿ ಎಂದು ಬಿಟ್ಟೆ.

ಫಲಿತಾಂಶಕ್ಕೆ ಕಾದ ದಿನಗಳಲ್ಲಿ ನಾನು ಮನೆಯ ಪಾತ್ರೆಗಳನ್ನೆಲ್ಲ ಎರಡೆರಡು ಸಲ ಉಜ್ಜಿದೆ. ಕರೆ ಬಂದ ದಿನ ಖತೀಜಾಳ ಕೈ ಹಿಡಿದೇ ಹೋದೆ. ಅವಳೂ ಬಿಡಿಸಿಕೊಳ್ಳಲಿಲ್ಲ. ಡಾಕ್ಟರು ಕಾಗದ ನೋಡಿ ಬೆರಳಾಡಿಸುತ್ತಾ ಏನೋ ಹೇಳಿದಳು. ಖತೀಜಾ ಇನ್ನೊಂದು ಕೈಯನ್ನು ಎದೆಗೆ ಒತ್ತಿಕೊಂಡು, ‘ಇಲ್ವಂತೆ ಅಮ್ಮ! ಕ್ಷಯ ಇಲ್ವಂತೆ! ಮೂರರಲ್ಲೂ ಇಲ್ವಂತೆ!’ ಎಂದಳು. ನಾನು ಅಲ್ಲೇ ಕುರ್ಚಿಯಲ್ಲಿ ಕೂತೆ. ಇಷ್ಟು ದಿನ ಬೆನ್ನು ಯಾಕೆ ನೋಯುತ್ತಿತ್ತು ಎಂದು ಆಗ ತಿಳಿಯಿತು. ಹದಿನೈದು ದಿನದಿಂದ ಅದನ್ನು ಕೋಲಿನ ಹಾಗೆ ಸೆಟೆದುಕೊಂಡು ಓಡಾಡುತ್ತಿದ್ದೆ.

‘ಹಾಗಾದ್ರೆ ಕಲೆ ಎಲ್ಲಿಂದ ಬಂತು ಅಂತ ಕೇಳ್ತಿದ್ದಾರೆ’ ಎಂದಳು ಖತೀಜಾ. ಈ ಸಲ ಬೈಯದೆ ಹೇಳಿದೆ. ಹೊಳೆ, ಹಲುಬೆ, ಒದ್ದೆ ಸೌದೆ, ಮುಖ ಹಿಡಿಸದ ಕಿಟಕಿ, ಎಲ್ಲ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಅವಳ ಅಜ್ಜಿಯೂ ಹಳ್ಳಿಯಲ್ಲಿ ಬೆರಣಿ ಉರಿಸಿ ರೊಟ್ಟಿ ಸುಡುತ್ತಿದ್ದಳಂತೆ, ಹೀಗೇ ಕೆಮ್ಮುತ್ತಿದ್ದಳಂತೆ. ‘ಸಿಗರೇಟಿಗೆ ಮುಂಚೆ ಒಲೆಯ ವಿಷಯ ಕೇಳಬೇಕಿತ್ತು, ತಪ್ಪು ನನ್ನದು ಅಂತಿದ್ದಾರೆ’ ಎಂದಳು ಖತೀಜಾ. ತಪ್ಪು ಒಪ್ಪಿಕೊಂಡ ಡಾಕ್ಟರನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಬೆನ್ನಿಗೆ ಕೊಳವೆಯಿಟ್ಟು ಕೇಳಿಸಿಕೊಂಡವಳ ಹುಬ್ಬು ಮೇಲೆ ಹೋಯಿತು. ಎದೆ ಸುಯ್ಗುಡುತ್ತಿದೆ, ಇದು ಹಳೆಯದಲ್ಲ, ಈ ವಾರ ಏನು ಮಾಡಿದಿರಿ ಎಂದು ಕೇಳಿದಳು. ಖತೀಜಾ ಸೂರು ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಎರಡು ಮಾತಿನ ಉತ್ತರ ಕೊಟ್ಟು ಮುಗಿಸಿದಳು. ಇನ್ನು ಹೊಗೆಯ ಹತ್ತಿರ ಹೋಗಬೇಡ ಎಂದು ಹೇಳಿಸಿ ಡಾಕ್ಟರು ಕಳಿಸಿಕೊಟ್ಟಳು.

ಹೊರಗೆ ಬಂದ ಮೇಲೆ, ‘ಏನಂದೆ?’ ಎಂದೆ.

‘ಮಂಜು ಅಂದೆ. ಎರಡು ವಾರದಿಂದ ನಿಮ್ಮ ಮಾತು ತಿರುಗಿಸ್ತಿದ್ದೇನೆ, ನನ್ನ ಬಾಯಲ್ಲಿ ಒಂದೂ ಸುಳ್ಳು ಬಂದಿರ್ಲಿಲ್ಲ ಅಮ್ಮ.’

ಆ ಶುಕ್ರವಾರ ಮಾದೇಶ ಖುಷಿಗೆ ನಮ್ಮನ್ನು ಕಾರಿನಲ್ಲಿ ಕೂರಿಸಿಕೊಂಡು ಊರ ಪಕ್ಕದ ಕಟ್ಟೆ ತೋರಿಸಲು ಹೋದ. ಬೆಟ್ಟಗಳ ನಡುವೆ ಅಚ್ಚುಕಟ್ಟಾದ ಕಟ್ಟೆ, ಹಿಂದೆ ನೀರು. ನನಗೆ ತೌರಿಗೆ ಬಂದಂತಾಯಿತು. ‘ಪವರ್ ಹೌಸು ಎಲ್ಲಪ್ಪ?’ ಎಂದೆ.

‘ಇಲ್ಲ ಕಣವ್ವ, ಇದು ಕುಡಿಯೋ ನೀರಿಗೆ. ಈ ದೇಶದಾಗೆ ಹರಿಯೋ ಹೊಳೆಯೇ ಇಲ್ಲ.’

‘ಮತ್ತೆ ಹಗಲೂ ಉರಿಯೋ ದೀಪಕ್ಕೆ ಕರೆಂಟು?’

‘ಎಣ್ಣೆ ಸುಡ್ತಾರೆ. ದೂರ, ಸಮುದ್ರದ ಕಡೆ. ದೊಡ್ಡ ದೊಡ್ಡ ಚಿಮಣಿ.’

‘ಅಲ್ಲಿ ಯಾರು ಕೆಮ್ತಾರೆ?’

ಮಾದೇಶ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ, ‘ನಡಿ, ಕೋತಿ ತೋರಿಸ್ತೀನಿ’ ಎಂದ.

ಇಕಾಮಾ ಬಂತು. ಅದರಲ್ಲಿರುವ ಫೋಟೋದಲ್ಲಿ ನಾನು ಯಾರಿಗೋ ಬೈಯುತ್ತಿರುವ ಹಾಗೆ ಕಾಣುತ್ತೇನೆ, ಇರಲಿ. ಮೂರು ವಾರಕ್ಕೆ ಸುಮಿತ್ರ ಹೆಣ್ಣು ಹೆತ್ತಳು. ನೋವು ತಿನ್ನುವಾಗ ಅವಳು ಹಿಡಿದ ನನ್ನ ಮಣಿಕಟ್ಟು ಎರಡು ದಿನ ನೀಲಿಗಟ್ಟಿತ್ತು. ಅದಕ್ಕೇ ತಾನೇ ಇಷ್ಟೆಲ್ಲ ಒದ್ದಾಡಿ ಉಳಿದದ್ದು? ಮನೆಗೆ ಬಂದ ಮೇಲೆ ಬಾಣಂತನದ ಕಾನೂನುಗಳನ್ನೆಲ್ಲ ಓದಿ ಹೇಳಿದೆ. ಬಾಣಂತಿ ತಣ್ಣೀರು ಮುಟ್ಟಬಾರದು, ಬಗ್ಗಬಾರದು, ಎದ್ದು ಓಡಾಡಬಾರದು, ಯಾರಿಗೂ ಏನನ್ನೂ ತಂದುಕೊಡಬಾರದು. ಐದನೆಯ ದಿನ ತಾಯಿ ಮಗು ಇಬ್ಬರಿಗೂ ಎಣ್ಣೆ ಹಚ್ಚಿ ಬಿಸಿನೀರು ಹುಯ್ದೆ. ನೀರು ಹುಯ್ದ ಮೇಲೆ ಸಾಂಬ್ರಾಣಿಯ ಹೊಗೆ ಕೊಡುವುದು ನಮ್ಮಲ್ಲಿ ಪದ್ಧತಿ, ನನ್ನ ಮೂವರಿಗೂ ಕೊಟ್ಟಿದ್ದೆ. ಡಾಕ್ಟರು ಹೊಗೆಯ ಹತ್ತಿರ ಹೋಗಬೇಡ ಎಂದದ್ದು ಅಡುಗೆಯ ಹೊಗೆಗೆ, ಇದು ಶಾಸ್ತ್ರದ ಹೊಗೆ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಸುಮಿತ್ರ ‘ಬೇಡ ಅತ್ತೆ’ ಎಂದಳು. ‘ನಂಗೆ ಹೇಳಿಕೊಡಬೇಡ’ ಎಂದೆ. ಅವರನ್ನು ಹೊರಗೇ ಕೂರಿಸಿ, ಕೋಣೆ ಮುಚ್ಚಿ, ಖತೀಜಾಳಿಂದ ತಂದ ಧೂಪದಾನಿಯ ಕೆಂಡದ ಮೇಲೆ ಒಂದು ಚಿಟಿಕೆ ಹಾಕಿದೆ.

ಒಂದೇ ಚಿಟಿಕೆ. ಒಂದು ಉಸಿರು ಎಳೆದೆ, ಎರಡನೆಯದು ಸಿಗಲಿಲ್ಲ. ಧೂಪದಾನಿಯನ್ನು ಅಲ್ಲೇ ಬಿಟ್ಟು, ಬಾಗಿಲಿಗೆ ಹಣೆ ಹೊಡೆದುಕೊಂಡು, ಹೊರಗೋಡಿ ಬಂದು ನೆಲದ ಮೇಲೆ ಕೂತೆ. ಕಣ್ಣಲ್ಲಿ, ಮೂಗಲ್ಲಿ ನೀರು. ನಲವತ್ತು ವರ್ಷ ಹೊಳೆಯ ಸೌದೆ ಊದಿದವಳು, ಗ್ಯಾಸಿನ ಒಲೆಯ ಮುಂದೆ ನಾಲ್ಕು ತಿಂಗಳು ನಿಂತದ್ದಕ್ಕೆ ಪೂರಾ ಕೆಟ್ಟುಹೋಗಿದ್ದೆ. ಸುಮಿತ್ರ ಒಂದು ಕೈಯಲ್ಲಿ ಮಗು ಹಿಡಿದು, ತಲೆಗೆ ಸುತ್ತಿದ ಟವಲಿನಲ್ಲೇ ಎದ್ದು ಬಂದಳು. ಹಜಾರದ ಕಿಟಕಿ ತೆರೆದಳು. ಬಗ್ಗಿ ನನ್ನ ಬೆನ್ನು ನೀವಿದಳು. ಅಡುಗೆಮನೆಗೆ ಹೋಗಿ ಲೋಟದಲ್ಲಿ ಬಿಸಿನೀರು ತಂದುಕೊಟ್ಟಳು. ನಾನು ಓದಿ ಹೇಳಿದ್ದ ಕಾನೂನುಗಳಲ್ಲಿ ತಣ್ಣೀರಿನದೊಂದು ಬಿಟ್ಟು ಎಲ್ಲವನ್ನೂ ಮುರಿದಳು.

ಮಾತಾಡಲು ಬಂದ ಮೇಲೆ, ‘ಮಾದೇಶಂಗೆ ಹೇಳ್ಬೇಡ’ ಎಂದೆ.

‘ಏನಂತ ಹೇಳ್ಲಿ ಅತ್ತೆ? ಇಲ್ಲಿ ಯಾರು ಯಾರ ಬಾಣಂತನ ಮಾಡ್ತಿದ್ದೀವಿ ಅಂತ ನಂಗೇ ಗೊತ್ತಾಗ್ತಿಲ್ಲ’ ಎಂದಳು.

ಚೆನ್ನಾಗಿ ಬೈಯಬಹುದಾದ ಮಾತು ಅದು. ಆದರೆ ಬೈಯಲು ಉಸಿರು ಬೇಕಲ್ಲ. ಲೋಟವನ್ನು ಮುಂದೆ ಚಾಚಿ, ‘ಇನ್ನೊಂಚೂರು ಬಿಸಿ ಇರ್ಲಿ’ ಎಂದೆ.